ಮಾಳಿಗೆ ಕೆಡವಿದ ಮಣ್ಣಿಗೂ ಒಂದು ಜಾಗ ಬೇಕು

ಆದೋನಿ: ಬೇಸಿಗೆ ಬಂತೆಂದರೆ ಆದೋನಿ, ಆಲೂರು, ಕೌತಾಳಂ, ಹೊಳಗುಂದ ಕಡೆ ಹಳೆ ಮಾಳಿಗೆ ಕೆಡವುವ ಕೆಲಸ ಶುರು. ಮಳೆಗಾಲಕ್ಕೆ ಮುಂಚೆ ಹೊಸ ಛಾವಣಿ ಬೀಳಬೇಕು ಎಂಬ ಆತುರ ಎಲ್ಲರದು. ಬೇಲ್ದಾರ ಸಿಗುತ್ತಾನೆ, ಸಿಮೆಂಟು ಸಿಗುತ್ತದೆ, ಕಷ್ಟಪಟ್ಟರೆ ಸಾಲವೂ ಸಿಗುತ್ತದೆ. ಆದರೆ ಕೆಡವಿದ ಮಣ್ಣು-ಕಲ್ಲು ಎಲ್ಲಿ ಹಾಕಬೇಕು ಎಂದು ಕೇಳಿದರೆ ಮಾತ್ರ ಯಾರ ಹತ್ತಿರವೂ ಸರಿಯಾದ ಉತ್ತರ ಇಲ್ಲ. ‘ಎಲ್ಲಾದ್ರೂ ಊರಾಚೆ ಹಾಕ್ರಿ’ ಎಂಬುದೇ ಉತ್ತರ.

ಆ ‘ಊರಾಚೆ’ ಎಂದರೆ ಹೆಚ್ಚಾಗಿ ಹಳ್ಳದ ದಂಡೆ, ಕೆರೆ ಅಂಗಳ, ಹಾಳು ಬಾವಿ ಇಲ್ಲವೇ ರಸ್ತೆ ಬದಿ. ರಾತ್ರಿ ಟ್ರ್ಯಾಕ್ಟರ್ ಬಂದು ಸುರಿದು ಹೋದರೆ ಬೆಳಿಗ್ಗೆ ಕೇಳುವವರು ಯಾರು?

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ಕ್ಕೆ ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಗಡಿ ಬದಲಾಯಿತು, ಮನೆ ಕಟ್ಟುವ ರೀತಿ ಎರಡೂ ಕಡೆ ಒಂದೇ ಉಳಿಯಿತು. ಕಲ್ಲಿನ ಗೋಡೆ, ಮೇಲೆ ತೊಲೆ-ಜಂತಿ, ಅದರ ಮೇಲೆ ಕಟ್ಟಿಗೆ, ಸೊಪ್ಪು-ಸದೆ, ಕೊನೆಗೆ ದಪ್ಪನೆಯ ಮಣ್ಣು. ಮಳೆ ಬರುವ ಮುಂಚೆ ಸವಳು ಮಣ್ಣು ಹರಡಿದರೆ ಆ ವರ್ಷಕ್ಕೆ ಸೋರುವ ಚಿಂತೆ ಕಡಿಮೆ. ಇಂಥ ಮಾಳಿಗೆ ಕೆಡವಿದರೆ ತೊಲೆ ಇನ್ನೊಂದು ಮನೆಗೆ, ಕಲ್ಲು ಪಾಯಕ್ಕೆ, ಪುಡಿ ಕಟ್ಟಿಗೆ ಒಲೆಗೆ. ಹಾಳುಮಣ್ಣನ್ನು ರೈತರು ಬಂಡಿ ಕಟ್ಟಿಕೊಂಡು ಬಂದು ಹೊಲಕ್ಕೆ ಒಯ್ಯುತ್ತಿದ್ದರು. ಬಿಸಾಡುವುದು ಅಂತ ಏನೂ ಉಳಿಯುತ್ತಿರಲಿಲ್ಲ.

ಈಗ ಹಾಗಲ್ಲ. ಮಣ್ಣಿನ ಮಾಳಿಗೆ ಮೇಲೇ ಸಿಮೆಂಟು ಗಿಲಾವು ಮಾಡಿದವರಿದ್ದಾರೆ. ಸೋರದಿರಲಿ ಎಂದು ಪ್ಲಾಸ್ಟಿಕ್ ಹಾಸಿದವರಿದ್ದಾರೆ. ಒಂದು ಅಂಕಣಕ್ಕೆ ರೇಕು, ಇನ್ನೊಂದಕ್ಕೆ ಸ್ಲ್ಯಾಬು. ಕೆಡವಿದಾಗ ಎಲ್ಲ ಕಲೆತು ಬೀಳುತ್ತದೆ. ಕಾಂಕ್ರೀಟ್ ಚೂರು, ಗಾಜು, ವೈರು ಬೆರೆತ ಮಣ್ಣನ್ನು ಯಾವ ರೈತ ಹೊಲಕ್ಕೆ ಹಾಕಿಕೊಂಡಾನು?

ಪ್ರಮಾಣವೂ ಸಣ್ಣದಲ್ಲ. 20 ಅಡಿ ಉದ್ದ, 20 ಅಡಿ ಅಗಲದ ಮಾಳಿಗೆ ಮೇಲೆ ಒಂದು ಅಡಿ ಮಣ್ಣಿದ್ದರೆ 400 ಘನ ಅಡಿ ಆಯಿತು. ತೂಕ ಸುಮಾರು 17 ಟನ್. ಅಗೆದ ಮೇಲೆ ಮಣ್ಣು ಉಬ್ಬುವುದರಿಂದ ಐದಾರು ಟ್ರ್ಯಾಕ್ಟರ್ ಬೇಕೇ ಬೇಕು. ಸರ್ಕಾರಿ ವಸತಿ ಯೋಜನೆಯ ಕಂತುಗಳು ಪಾಯ, ಗೋಡೆ, ಛಾವಣಿ ಎಂದು ಹಂತ ನೋಡಿ ಬರುತ್ತವೆ. ಹಳೆ ಮನೆ ಮಣ್ಣು ಸಾಗಿಸುವ ಖರ್ಚು ಮನೆಯವರ ತಲೆ ಮೇಲೇ. ದೂರಕ್ಕೆ ಬಾಡಿಗೆ ಹೆಚ್ಚು, ಹತ್ತಿರದ ಹಳ್ಳಕ್ಕೆ ಕಡಿಮೆ. ಬಡವ ಯಾವುದನ್ನು ಆರಿಸುತ್ತಾನೆ ಎಂದು ಬಿಡಿಸಿ ಹೇಳಬೇಕಿಲ್ಲ.

ಅದರ ಫಲ ಮಾತ್ರ ಊರಿಗೆಲ್ಲ. ಹಳ್ಳ ಕಿರಿದಾದರೆ ಮಳೆ ನೀರು ತಗ್ಗಿನ ಓಣಿಗೆ ನುಗ್ಗುತ್ತದೆ. ಚರಂಡಿ ಕಟ್ಟಿಕೊಂಡರೆ ಪಕ್ಕದ ಮನೆಯವರೊಡನೆ ಜಗಳ. ತುಂಗಭದ್ರಾ ಕೆಳಮಟ್ಟದ ಕಾಲುವೆಯ ಉಪಕಾಲುವೆಗೆ ಸುರಿದರಂತೂ ಕೊನೆ ಭಾಗದ ರೈತನಿಗೆ ನೀರೇ ಮುಟ್ಟದು. 2009ರ ಅಕ್ಟೋಬರ್‌ನಲ್ಲಿ ಮಂತ್ರಾಲಯ, ಕರ್ನೂಲು ಮುಳುಗಿದ್ದನ್ನು ಕಂಡ ಜಿಲ್ಲೆಗೆ ನೀರಿನ ದಾರಿ ಮುಚ್ಚಬಾರದು ಎಂದು ಪಾಠ ಹೇಳಬೇಕೆ?

ರೇಕಿನ ವಿಷಯ ಬೇರೆಯೇ. ಹಳೆ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುತ್ತದೆ. ಒಡೆದರೆ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರಿ ಶ್ವಾಸಕೋಶಕ್ಕೆ ಇಳಿಯುತ್ತವೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಇದನ್ನು ಸುತ್ತಿಗೆಯಿಂದ ಪುಡಿ ಮಾಡುವ ಕೂಲಿಯವನ ಮೂಗಿಗೆ ಒಂದು ಬಟ್ಟೆಯೂ ಇರುವುದಿಲ್ಲ. ನೀರು ಚಿಮುಕಿಸಿ, ಒಡೆಯದೆ ಇಡಿಯಾಗಿ ಇಳಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಬೇರೆ ಇಡಬೇಕು. ಒಳ್ಳೆಯ ಮುಖಗವಸು ಕೊಡಬೇಕು. ಮಣ್ಣಿನ ಜೊತೆ ಬೆರೆಸಲೇಬಾರದು.

ಹಾಗಾದರೆ ದಾರಿ ಏನು? ಅಮೆರಿಕದಲ್ಲಿ ಛಾವಣಿ ಬದಲಿಸುವವರು ಮನೆ ಮುಂದೆ ದೊಡ್ಡ ಕಬ್ಬಿಣದ ತೊಟ್ಟಿಯನ್ನು ಬಾಡಿಗೆಗೆ ಇಡಿಸಿಕೊಳ್ಳುತ್ತಾರೆ. ತುಂಬಿದ ಮೇಲೆ ಲಾರಿ ಬಂದು ಎತ್ತಿಕೊಂಡು ಹೋಗುತ್ತದೆ. ನಮ್ಮಲ್ಲೂ ಇದು ಹೊಸ ಮಾತಲ್ಲ. 2016ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕಟ್ಟಡ ತ್ಯಾಜ್ಯ ನಿಯಮಗಳು, ಇಂಥ ತೊಟ್ಟಿ ಇಟ್ಟು ತುಂಬಿದಾಗ ಸಾಗಿಸುವುದು ಸ್ಥಳೀಯ ಸಂಸ್ಥೆಯ ಹೊಣೆ ಎಂದಿದ್ದವು. ರಸ್ತೆಗೆ, ಚರಂಡಿಗೆ ಹಾಕದೆ ಬೇರ್ಪಡಿಸಿ ಕೊಡುವುದು ಮನೆಯವರ ಹೊಣೆ ಎಂದೂ ಹೇಳಿದ್ದವು. 2025ರಲ್ಲಿ ಹೊರಬಿದ್ದ ಹೊಸ ನಿಯಮಗಳಿಗೆ 2026ರ ಏಪ್ರಿಲ್ 1 ಜಾರಿಯ ದಿನವೆಂದು ನಿಗದಿಯಾಯಿತು. ಆದರೆ ಅವುಗಳ ಬಿಗಿ ಹೆಚ್ಚಾಗಿ 20 ಸಾವಿರ ಚದರ ಮೀಟರ್ ಮೀರಿದ ಭಾರಿ ಕಟ್ಟಡಗಳ ಮೇಲೆ. ಎರಡು ಅಂಕಣದ ಮನೆಯವನ ಕಷ್ಟ ನೋಡಬೇಕಾದ್ದು ಊರಿನ ಪುರಸಭೆ, ಪಂಚಾಯಿತಿಯೇ.

ಆದೋನಿ ಪುರಸಭೆ ಹುಟ್ಟಿದ್ದು 1865ರಲ್ಲಿ. 2011ರ ಜನಗಣತಿಯಲ್ಲೇ ಊರಿನ ಜನ ಒಂದೂವರೆ ಲಕ್ಷ ದಾಟಿದ್ದರು. ಇಷ್ಟು ದೊಡ್ಡ ಊರಿಗೆ ಬೇಕಾದ್ದು ಕೋಟಿಗಟ್ಟಲೆ ಯಂತ್ರವಲ್ಲ. ಕೆಲವು ತೊಟ್ಟಿ ಅಥವಾ ಟ್ರ್ಯಾಕ್ಟರ್ ಟ್ರಾಲಿ, ನಿಗದಿತ ಬಾಡಿಗೆ, ಸುರಿಯಲು ಗುರುತು ಹಾಕಿದ ಒಂದು ಜಾಗ. ಅಲ್ಲಿ ಮಣ್ಣು ಒಂದು ಕಡೆ, ಕಲ್ಲು-ಕಾಂಕ್ರೀಟ್ ಒಂದು ಕಡೆ ಬಿದ್ದರೆ ತಗ್ಗು ತುಂಬಲು, ಹೊಲದ ದಾರಿಗೆ ಹಾಕಲು ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ದೆಹಲಿಯ ಬುರಾರಿಯಲ್ಲಿ 2009ರಿಂದ ಇಂಥ ಚೂರಿನಿಂದಲೇ ಕಾಲುದಾರಿಯ ಕಲ್ಲು ಮಾಡಿದ ಉದಾಹರಣೆ ಇದೆ. ಹಳ್ಳಿಗಳಲ್ಲಿ ನಾಲ್ಕಾರು ಪಂಚಾಯಿತಿ ಸೇರಿ ಒಂದು ಟ್ರಾಲಿ ಇಟ್ಟುಕೊಂಡರೂ ನಡೆಯುತ್ತದೆ.

ಬಾಡಿಗೆ ದರ, ಫೋನ್ ನಂಬರ್, ಜಾಗದ ಹೆಸರು ಬರೆದ ಫಲಕ ತೆಲುಗಿನ ಜೊತೆ ಕನ್ನಡದಲ್ಲೂ ಇರಲಿ. ಕನ್ನಡ ಶಾಲೆಯಲ್ಲಿ ಓದಿದ ಹಿರಿಯರು ಈ ಭಾಗದ ಊರೂರಲ್ಲಿ ಇದ್ದಾರೆ. ಮನೆ ಯಜಮಾನಿಕೆ ಬಹಳ ಕಡೆ ಅವರದೇ.

ಜಾಗ ತೋರಿಸದೆ ದಂಡ ಹಾಕಿದರೆ ಟ್ರ್ಯಾಕ್ಟರ್ ಇನ್ನಷ್ಟು ರಾತ್ರಿ ಮಾಡಿಕೊಂಡು ಹೊರಡುತ್ತದೆ, ಅಷ್ಟೆ. ಮೊದಲು ಜಾಗ, ಆಮೇಲೆ ದಂಡ. ಸಂಬಂಧಪಟ್ಟವರು ಮಳೆಗಾಲಕ್ಕೆ ಮುಂಚೆಯೇ ಇತ್ತ ಗಮನ ಹರಿಸಲಿ.