ಯಂತ್ರ ಹೇಳಿದ್ದೇ ಸಾಕ್ಷಿಯೇ?

2024ನೆಯ ಇಸವಿಯ ಟೆಲಿವಿಷನ್ ಧಾರಾವಾಹಿಗಳಲ್ಲಿ ಯಾವುದು ಶ್ರೇಷ್ಠವೆಂದು ಕೇಳಿದರೆ, ರಾಜರಾಣಿಯರ ಕಥೆಯನ್ನು ನಾವು ಹೆಸರಿಸುವುದಿಲ್ಲ. ಆ ಜನವರಿಯಲ್ಲಿ ಬ್ರಿಟನ್ನಿನ ಐಟಿವಿ ನಾಲ್ಕು ಕಂತುಗಳಲ್ಲಿ ತೋರಿಸಿದ ‘ಮಿಸ್ಟರ್ ಬೇಟ್ಸ್ ವರ್ಸಸ್ ದಿ ಪೋಸ್ಟ್ ಆಫೀಸ್’ ಅನ್ನು ಹೆಸರಿಸುತ್ತೇವೆ.

ಅದು ಚಿಕ್ಕ ಅಂಗಡಿಕಾರರ ನಿಜಕಥೆ. ಆ ದೇಶದಲ್ಲಿ ಅಂಗಡಿಯ ಮೂಲೆಯಲ್ಲೇ ಅಂಚೆ ಕಚೇರಿ ನಡೆಸುವವರುಂಟು. 1999ರಿಂದ ಅವರ ಲೆಕ್ಕ ಫುಜಿತ್ಸು ಕಂಪೆನಿಯ ‘ಹೊರೈಝನ್’ ಎಂಬ ಗಣಕಯಂತ್ರದ ಪಾಲಾಯಿತು. ಯಂತ್ರ ಇಲ್ಲದ ಕೊರತೆಯನ್ನು ತೋರಿಸಿತು, ತುಂಬಬೇಕಾದವನು ಅಂಗಡಿಯವನು. ಮನೆಮಠ ಮಾರಿ ತುಂಬಿದವರುಂಟು. 900ಕ್ಕೂ ಹೆಚ್ಚು ಮಂದಿ ಕೋರ್ಟಿನಲ್ಲಿ ಅಪರಾಧಿಗಳೆನಿಸಿದರು. ಕೆಲವರು ಜೈಲು ಕಂಡರು. ವಿಚಾರಿಸಿದವರಿಗೆ ಸಿಕ್ಕ ಉತ್ತರ: ‘ನಿಮ್ಮೊಬ್ಬರಿಗೇ ಹೀಗಾಗಿದೆ.’

ವೇಲ್ಸಿನಲ್ಲಿ ಅಂಗಡಿಯಿಟ್ಟಿದ್ದ ಅಲನ್ ಬೇಟ್ಸ್ ಆ ಸುಳ್ಳನ್ನು ನಂಬಲಿಲ್ಲ. 2009ರಲ್ಲಿ ನೊಂದವರನ್ನು ಒಂದುಗೂಡಿಸಿದರು. 555 ಮಂದಿ ಕೂಡಿ ನಡೆಸಿದ ದಾವೆಯಲ್ಲಿ 2019ರ ಡಿಸೆಂಬರಿನಲ್ಲಿ ಹೈಕೋರ್ಟು ಯಂತ್ರದ ದೋಷವನ್ನು ಎತ್ತಿಹಿಡಿಯಿತು. ಆದರೂ ಸರ್ಕಾರದ್ದು ಆಮೆನಡಿಗೆ. ಧಾರಾವಾಹಿ ನೋಡಿ ಜನ ರೇಗಿದ ಮೇಲೆಯೇ, 2024ರ ಮೇ ತಿಂಗಳಲ್ಲಿ, ಶಿಕ್ಷೆಗಳನ್ನು ರದ್ದುಮಾಡುವ ಕಾಯಿದೆ ಪಾರ್ಲಿಮೆಂಟಿನಲ್ಲಿ ಪಾಸಾಯಿತು.

ನಾಟಕವೇ ನ್ಯಾಯ ಕೊಡಿಸಿತೆನ್ನುವವರಿಗೆ ನಮ್ಮ ಮಾತು ಇಷ್ಟೇ: ಹದಿನೈದು ವರ್ಷ ಒಗ್ಗಟ್ಟಿನಿಂದ ನಿಂತವರು ಇಲ್ಲದಿದ್ದರೆ ನಾಟಕಕ್ಕೆ ಕಥೆಯೇ ಇರುತ್ತಿರಲಿಲ್ಲ.

ಗಿರಣಿಯ ಹಾಜರಿ, ಅಂಗಡಿಯ ತೆರಿಗೆ ಲೆಕ್ಕ ಇಂದು ನಮ್ಮಲ್ಲಿಯೂ ಯಂತ್ರದ ಕೈಗೆ ಹೋಗುತ್ತಿವೆ. ಯಂತ್ರವನ್ನು ದ್ವೇಷಿಸಬೇಕಿಲ್ಲ, ಬಂಧುಗಳೇ. ‘ಲೆಕ್ಕ ತೋರಿಸಿ’ ಎಂದು ಕೇಳುವ ಹಕ್ಕನ್ನು ಮಾತ್ರ ಬಿಡಬಾರದು. ಒಬ್ಬೊಬ್ಬರೇ ಕೇಳಿದರೆ ಕಳ್ಳರೆನ್ನುತ್ತಾರೆ, ಕೂಡಿ ಕೇಳೋಣ.