ನೊಂದವನ ಪಾಲಿಗೆ ಏನು?

ನಮ್ಮ ಬಡಾವಣೆಯಲ್ಲಿ ಇಪ್ಪತ್ತು ವರ್ಷಗಳಿಂದ ಬಟ್ಟೆ ಹೊಲಿಯುತ್ತಿದ್ದ ದರ್ಜಿಯೊಬ್ಬರಿದ್ದಾರೆ. ನನ್ನ ಅಂಗಿಗಳನ್ನೆಲ್ಲ ಹೊಲಿದವರು ಅವರೇ. 2017ರ ಒಂದು ಸಂಜೆ, ಹಬ್ಬದ ಚಂದಾ ಕಡಮೆಯಾಯಿತೆಂದು ಜಗಳ ತೆಗೆದ ಪುಂಡನೊಬ್ಬ ಮೇಜಿನ ಮೇಲಿದ್ದ ಅವರ ಕತ್ತರಿಯನ್ನೇ ಎತ್ತಿಕೊಂಡು ಅವರ ಬಲಗೈಗೆ ಇರಿದ. ನರ ತುಂಡಾಗಿ ಹೆಬ್ಬೆರಳೂ ತೋರುಬೆರಳೂ ಮಡಚದಂತಾದವು. ಪೊಲೀಸರು ಬಂದರು, ಪಂಚನಾಮೆ ಮಾಡಿದರು. ಕತ್ತರಿಯನ್ನೂ, ರಕ್ತ ಮೆತ್ತಿದ್ದ ಗಿರಾಕಿಗಳ ಬಟ್ಟೆಗಳನ್ನೂ ಮುದ್ದೇಮಾಲೆಂದು ಕಟ್ಟಿಕೊಂಡು ಹೋದರು. ಗಿರಾಕಿಗಳು ತಿಂಗಳೊಳಗೆ ಬಂದು ತಮ್ಮ ಬಟ್ಟೆ ಎಲ್ಲಿ ಎಂದು ಕೇಳಿದರು. ದರ್ಜಿ ಎಡಗೈಯಿಂದ ಹಣ ಎಣಿಸಿ ಕೊಟ್ಟರು.

ಆ ವಾರವೇ ಬಡಾವಣೆಯ ಪಾರ್ಕಿನಲ್ಲಿ ಒಂದು ಖಂಡನಾ ಸಭೆ ಸೇರಿತು. ಮಾತು ಬಲ್ಲವನೆಂಬ ಕಾರಣಕ್ಕೆ ನನ್ನನ್ನೂ ಕರೆದರು. "ಇಂಥವರ ಕೈ ಕಡಿಯಬೇಕು, ನಮ್ಮ ಕಾನೂನಿಗೆ ಬೆನ್ನುಮೂಳೆಯೇ ಇಲ್ಲ" ಎಂದು ಆವೇಶದಿಂದ ನುಡಿದೆ. ಚಪ್ಪಾಳೆ ಬಿತ್ತು. ದರ್ಜಿ ಸಭೆಯಲ್ಲಿರಲಿಲ್ಲ, ಆಸ್ಪತ್ರೆಯಲ್ಲಿದ್ದರು. ಆಸ್ಪತ್ರೆಯ ಖರ್ಚು ಎಷ್ಟಾಯಿತೆಂದು ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆರು ವರ್ಷ ಮೊಕದ್ದಮೆ ನಡೆಯಿತು. ಸಾಕ್ಷಿ ಹೇಳಲು ಅವರು ನಾಲ್ಕು ಬಾರಿ ಹೋದರು, ಮೂರು ಬಾರಿ ವಾಯಿದೆ ಬಿದ್ದು ಹಿಂದಿರುಗಿದರು. ನಾಲ್ಕನೆಯ ಸಲ ಪಾಟೀಸವಾಲಿನಲ್ಲಿ, "ನೀವೇ ಕತ್ತರಿ ಬೀಸಿದಿರಲ್ಲವೆ?" ಎಂದು ಕೇಳಿಸಿಕೊಂಡು ಬಂದರು. 2023ರಲ್ಲಿ ತೀರ್ಪಾಯಿತು: ಮೂರು ವರ್ಷ ಸಜೆ, ಹತ್ತು ಸಾವಿರ ರೂಪಾಯಿ ದಂಡ. ಈ ಸುದ್ದಿಯನ್ನು ಅವರಿಗೆ ತಿಳಿಸಿದ್ದು ಪೊಲೀಸರೂ ಅಲ್ಲ, ನ್ಯಾಯಾಲಯವೂ ಅಲ್ಲ; ಬೀದಿಯ ಹಾಲಿನ ಅಂಗಡಿಯವನು. ಅಂದು ಸಂಜೆ ಅವರು ನಮ್ಮ ಮನೆಗೆ ಬಂದು ಕೇಳಿದರು:

"ಮೇಷ್ಟ್ರೇ, ಆ ಹತ್ತು ಸಾವಿರ ಯಾರಿಗೆ ಹೋಗುತ್ತೆ?"

"ಸರ್ಕಾರಕ್ಕೆ" ಎಂದೆ.

"ಸರ್ಕಾರಕ್ಕೆ ಎಲ್ಲಿ ಗಾಯವಾಗಿತ್ತು ಮೇಷ್ಟ್ರೇ?"

ಅವರು ವ್ಯಂಗ್ಯವಾಡಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದರು. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಉತ್ತರ ಗೊತ್ತಿರಲಿಲ್ಲ. ತಿಳಿದವರನ್ನು ಕೇಳಿದೆ, ಪುಸ್ತಕ ತೆರೆದೆ. ತೆರೆದಷ್ಟೂ ನಾಚಿಕೆಯಾಯಿತು. ಏಕೆಂದರೆ, ಕಾನೂನಿಗೆ ಬೆನ್ನುಮೂಳೆಯಿಲ್ಲವೆಂದು ಪಾರ್ಕಿನಲ್ಲಿ ಕೂಗಿದವನಿಗೆ ಕಾನೂನಿನಲ್ಲಿ ಏನಿದೆಯೆಂಬುದೇ ತಿಳಿದಿರಲಿಲ್ಲ.

ದಂಡದ ಹಣದಲ್ಲಿ ನೊಂದವನಿಗೆ ಪಾಲು ಕೊಡಿಸುವ ಅಧಿಕಾರ ನ್ಯಾಯಾಧೀಶರಿಗೆ ಇಂದು ನಿನ್ನೆಯದಲ್ಲ. ಬ್ರಿಟಿಷರು 1898ರಲ್ಲಿ ಮಾಡಿದ ದಂಡಪ್ರಕ್ರಿಯಾ ಸಂಹಿತೆಯ 545ನೆಯ ಕಲಮಿನಲ್ಲಿಯೇ ಅದಿತ್ತು. 1973ರ ಸಂಹಿತೆಯಲ್ಲಿ ಅದು 357ನೆಯ ಕಲಮಾಯಿತು. ಆ ಅಧಿಕಾರ ಅಲಂಕಾರಕ್ಕಾಗಿ ಇಟ್ಟದ್ದಲ್ಲ, ಪರಿಹಾರ ಕೊಡಬೇಕೆ ಬೇಡವೆ ಎಂದು ಪ್ರತಿಯೊಂದು ಮೊಕದ್ದಮೆಯಲ್ಲಿಯೂ ಯೋಚಿಸಿ ಕಾರಣ ಬರೆಯಲೇಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಸ್ಪಷ್ಟವಾಗಿ ಹೇಳಿತು. 2008ರ ತಿದ್ದುಪಡಿಯಿಂದ 357-ಎ ಎಂಬ ಹೊಸ ಕಲಮು ಸೇರಿತು: ಅಪರಾಧಿಯಿಂದ ಬರುವ ಹಣ ಸಾಲದಿದ್ದರೆ, ಅವನು ಬಿಡುಗಡೆಯಾದರೆ, ಅಥವಾ ಅವನು ಯಾರೆಂದೇ ಪತ್ತೆಯಾಗದಿದ್ದರೆ ಕೂಡ ಸರ್ಕಾರದ ನಿಧಿಯಿಂದ ನೊಂದವನಿಗೆ ಪರಿಹಾರ ದೊರೆಯಬಹುದು. ಅರ್ಜಿ ಬಂದರೆ ಕಾನೂನು ಸೇವೆಗಳ ಪ್ರಾಧಿಕಾರ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕು. ಕರ್ನಾಟಕದಲ್ಲಿ ಇದಕ್ಕಾಗಿ 2011ರಲ್ಲಿಯೇ ಒಂದು ಯೋಜನೆ ಬಂತು. ಇಷ್ಟೆಲ್ಲ ಇದ್ದೂ ನಮ್ಮ ದರ್ಜಿಗೆ ಆರು ವರ್ಷದಲ್ಲಿ ಒಬ್ಬರೂ, ಠಾಣೆಯಲ್ಲಾಗಲಿ ನ್ಯಾಯಾಲಯದಲ್ಲಾಗಲಿ, ಇದರ ಸುಳಿವು ಕೊಡಲಿಲ್ಲ.

ಇಲ್ಲಿಯೇ ನನ್ನ ವಾದವನ್ನು ಹೇಳಿಬಿಡುತ್ತೇನೆ. ಶಿಕ್ಷೆ ಹೆಚ್ಚಿಸಿರೆಂದು ನಾವು ಕೂಗುವುದು ನೊಂದವನ ಹೆಸರಿನಲ್ಲಿ. ಆದರೆ ಅದು ನೊಂದವನಿಗಾಗಿ ಅಲ್ಲ. ಅದು ನಮ್ಮ ಭಯಕ್ಕೆ, ನಮ್ಮ ಕೋಪಕ್ಕೆ ನಾವು ಕೊಟ್ಟುಕೊಳ್ಳುವ ಔಷಧ. ಶಿಕ್ಷೆಯ ಅವಧಿಯನ್ನು ಏರಿಸಲು ಸರ್ಕಾರಕ್ಕೆ ಒಂದು ಕಾಗದ ಸಾಕು. ನೊಂದವನನ್ನು ಎತ್ತಿ ನಿಲ್ಲಿಸಲು ಹಣ ಬೇಕು, ಸಿಬ್ಬಂದಿ ಬೇಕು, ತಾಳ್ಮೆ ಬೇಕು. ನಾವು ಅಗ್ಗದ ಮಾಲನ್ನು ಕೇಳುತ್ತೇವೆ. ಸರ್ಕಾರ ಸಂತೋಷದಿಂದ ಅದನ್ನೇ ಕೊಡುತ್ತದೆ.

ಇದು ಬರಿಯ ಆರೋಪವಲ್ಲ. 2012ರ ಡಿಸೆಂಬರಿನ ದೆಹಲಿಯ ಘೋರಕೃತ್ಯದ ನಂತರ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಸಮಿತಿ ಒಂದು ತಿಂಗಳಲ್ಲಿ ವರದಿ ಕೊಟ್ಟಿತು. ಪೊಲೀಸರು ಹೇಗೆ ನಡೆದುಕೊಳ್ಳಬೇಕು, ವೈದ್ಯರು ನೊಂದ ಹೆಂಗಸನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನೆಲ್ಲ ಅದು ವಿವರವಾಗಿ ಬರೆಯಿತು; ಮರಣದಂಡನೆಯನ್ನು ಮಾತ್ರ ಬೇಡವೆಂದಿತು. 2013ರ ಫೆಬ್ರವರಿಯಲ್ಲಿ ಬಂದ ಸುಗ್ರೀವಾಜ್ಞೆ, ಸಮಿತಿ ಬೇಡವೆಂದ ಆ ಒಂದನ್ನು ಮರೆಯದೆ ಸೇರಿಸಿತು. ನಾವು ತೃಪ್ತರಾದೆವು. 2019ರ ಡಿಸೆಂಬರ್ 6ರಂದು ಹೈದರಾಬಾದಿನ ಬಳಿ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಜನ ಪೊಲೀಸರ ಮೇಲೆ ಹೂ ಎರಚಿದರು. ಅದು ಆತ್ಮರಕ್ಷಣೆಯಲ್ಲ, ಕೊಲ್ಲುವ ಉದ್ದೇಶದಿಂದಲೇ ಹಾರಿಸಿದ ಗುಂಡು ಎಂದು ಸರ್ವೋಚ್ಚ ನ್ಯಾಯಾಲಯ ನೇಮಿಸಿದ ಆಯೋಗ 2022ರಲ್ಲಿ ಹೇಳಿದಾಗ ಹೂವೆಲ್ಲ ಬಾಡಿಹೋಗಿತ್ತು. ವಿಚಾರಣೆಯೇ ನಡೆಯದ ಮೇಲೆ ಸತ್ತ ಹುಡುಗಿಯ ತಂದೆತಾಯಿಗಳಿಗೆ, "ನಡೆದದ್ದು ಇದು, ಮಾಡಿದವರು ಇವರು" ಎಂದು ನ್ಯಾಯಾಲಯದ ಬಾಯಿಂದ ಕೇಳುವ ಹಕ್ಕೂ ಹೋಯಿತೆಂಬುದನ್ನು ಹೂ ಎರಚಿದ ನಾವು ಎಣಿಸಿದೆವೆ?

ಈ ಮಾತಿಗೆ ಸಿದ್ಧವಾದ ಉತ್ತರವೊಂದಿದೆ: "ನೀವು ಅಪರಾಧಿಗಳ ಪರ." ಅಲ್ಲ. ತಪ್ಪು ಮಾಡಿದವನಿಗೆ ಶಿಕ್ಷೆಯಾಗಬೇಕು; ಬೇಗ ಆಗಬೇಕು, ತಪ್ಪದೆ ಆಗಬೇಕು. ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಅದರ ಖಚಿತತೆ ಎಂದು ಇಟಲಿಯ ಬೆಕಾರಿಯ 1764ರಲ್ಲಿಯೇ ವಾದಿಸಿದ. ಹಾಗೆಯೇ ಆರೋಪಿಗೆ ವಕೀಲ, ಜಾಮೀನು, ಸಂಶಯದ ಲಾಭ ಇವುಗಳಲ್ಲಿ ಒಂದನ್ನೂ ಕಿತ್ತುಕೊಳ್ಳಬಾರದು. ನಮ್ಮವರೇ ಆದ ನ್ಯಾಯಮೂರ್ತಿ ವಿ. ಎಸ್. ಮಳಿಮಠರ ಸಮಿತಿ 2003ರ ವರದಿಯಲ್ಲಿ ನೊಂದವನನ್ನು ಮೊಕದ್ದಮೆಯ ಪಕ್ಷಗಾರನನ್ನಾಗಿ ಮಾಡಿ, ಅವನಿಗಾಗಿ ಪರಿಹಾರನಿಧಿ ಸ್ಥಾಪಿಸಿ ಎಂದಿತು. ಇದು ದೊಡ್ಡ ಮಾತು. ಆದರೆ ಅದೇ ವರದಿ ಅಪರಾಧ ಸಾಬೀತಿನ ಮಟ್ಟವನ್ನೂ ಇಳಿಸಬೇಕೆಂದಿತು. ಅದನ್ನು ನಾನು ಒಪ್ಪಲಾರೆ. ಆರೋಪಿಯ ತಟ್ಟೆಯಿಂದ ಕಿತ್ತು ನೊಂದವನ ತಟ್ಟೆಗೆ ಬಡಿಸಬೇಕಾದ ಅಗತ್ಯವೇ ಇಲ್ಲ. ತಪ್ಪಾದ ಮನುಷ್ಯನನ್ನು ಜೈಲಿಗೆ ಹಾಕಿದರೆ ನಮ್ಮ ದರ್ಜಿಯ ಬೆರಳು ಮಡಚುವುದೆ?

ಎರಡನೆಯ ಆಕ್ಷೇಪ: "ಇರಿದವನು ಯಾರೋ, ಸರ್ಕಾರ ಏಕೆ ಹಣ ಕೊಡಬೇಕು?" ಇದು ಕೇಳತಕ್ಕ ಪ್ರಶ್ನೆಯೇ. ನನ್ನ ಉತ್ತರ ಎರಡು. ಮೊದಲನೆಯದು, ಸೇಡು ತೀರಿಸಿಕೊಳ್ಳುವ ಅಧಿಕಾರವನ್ನು ಪ್ರಜೆಯ ಕೈಯಿಂದ ತೆಗೆದುಕೊಂಡದ್ದು ಸರ್ಕಾರ. ಮೊಕದ್ದಮೆ ಅದರ ಹೆಸರಿನಲ್ಲಿ. ದಂಡ ಅದರ ಬೊಕ್ಕಸಕ್ಕೆ. ಕಾಪಾಡುತ್ತೇನೆಂದು ಮಾತುಕೊಟ್ಟವನು ಕಾಪಾಡದೆ ಹೋದಾಗ ಹೊಣೆ ಹೊರಬೇಕು. ಈ ವಿಚಾರ ವಿದೇಶದಿಂದ ಬಂದದ್ದೇನೂ ಅಲ್ಲ. ನ್ಯೂಜಿಲೆಂಡ್ 1963ರಲ್ಲಿ, ಬ್ರಿಟನ್ 1964ರಲ್ಲಿ ಇಂಥ ಪರಿಹಾರವನ್ನು ಏರ್ಪಡಿಸಿದ್ದು ನಿಜ. ಆದರೆ ಕಳವಾದ ಮಾಲನ್ನು ರಾಜ ಕಳ್ಳನಿಂದ ಪಡೆದು ಒಡೆಯನಿಗೆ ಕೊಡಬೇಕು, ಆಗದಿದ್ದರೆ ತನ್ನ ಬೊಕ್ಕಸದಿಂದ ತುಂಬಿಕೊಡಬೇಕು ಎಂಬ ಮಾತು ನಮ್ಮ ಧರ್ಮಸೂತ್ರಗಳಲ್ಲಿ, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದೆ. ಕದ್ದ ಮಾಲನ್ನು ಒಡೆಯನಿಗೆ ಕೊಡಿಸುವುದು ರಾಜನ ಕರ್ತವ್ಯವೆಂದು ಹೇಳುವ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಜಾತಿಗೊಂದು ಶಿಕ್ಷೆ ಅಳೆದ ಆ ಸ್ಮೃತಿಗಳನ್ನು ನಾನು ಕೊಂಡಾಡುತ್ತಿಲ್ಲ. ಅಂಥ ಕಾಲಕ್ಕೂ ಹೊಳೆದಿದ್ದ ಒಂದು ಸತ್ಯ ನಮಗೆ ಹೊಳೆಯದೆ ಹೋಯಿತಲ್ಲ ಎಂಬುದು ನನ್ನ ಸಂಕಟ.

ಎರಡನೆಯ ಉತ್ತರ ಇನ್ನೂ ಸರಳ. ಅದೇ ಸಂಜೆ ನಮ್ಮ ದರ್ಜಿಗೆ ಒಂದು ಲಾರಿ ಬಡಿದು ಅದೇ ಬೆರಳು ಹೋಗಿದ್ದರೆ? ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಅವರ ವಯಸ್ಸು, ಆದಾಯ, ಕಳೆದುಕೊಂಡ ದುಡಿಮೆ ಇವನ್ನೆಲ್ಲ ಲೆಕ್ಕ ಹಾಕಿ ವಿಮಾ ಕಂಪನಿಯಿಂದ ಹಣ ಕೊಡಿಸುತ್ತಿತ್ತು. ಲಾರಿ ಯಾವುದೆಂದು ಪತ್ತೆಯಾಗದಿದ್ದರೂ, ತೀವ್ರ ಗಾಯಕ್ಕೆ 50,000 ರೂಪಾಯಿ, ಸಾವಿಗೆ 2 ಲಕ್ಷ ರೂಪಾಯಿ ಎಂದು 2022ರಿಂದ ನಿಗದಿಯಾಗಿದೆ. ಅಜಾಗರೂಕನ ಲಾರಿಗೆ ಸಿಕ್ಕಿದವನಿಗೆ ಲೆಕ್ಕವುಂಟು, ಬೇಕೆಂದೇ ಇರಿದವನ ಕೈಗೆ ಸಿಕ್ಕಿದವನಿಗೆ ಲೆಕ್ಕವಿಲ್ಲ. ಇದು ಯಾವ ನ್ಯಾಯ?

ಮೂರನೆಯ ಆಕ್ಷೇಪ: "ಹಣ ಕೊಟ್ಟರೆ ಶ್ರೀಮಂತ ಅಪರಾಧಿ ಶಿಕ್ಷೆಯನ್ನೇ ಕೊಂಡುಕೊಂಡಾನು." ಈ ಭಯ ಒಪ್ಪತಕ್ಕದ್ದು. ಆದಕಾರಣವೇ ಪರಿಹಾರ ಬೇರೆ, ಶಿಕ್ಷೆ ಬೇರೆಯಾಗಿರಬೇಕು. ಪರಿಹಾರ ಕೊಟ್ಟನೆಂದು ಸಜೆಯಲ್ಲಿ ಒಂದು ದಿನವೂ ಇಳಿಯಬಾರದು.

ಹಣವೊಂದೇ ಸಾಕೆಂದು ನಾನು ಹೇಳುತ್ತಿಲ್ಲ. ನೊಂದವನಿಗೆ ಮೊದಲು ಬೇಕಾದದ್ದು ತನ್ನ ಮೊಕದ್ದಮೆಯಲ್ಲಿ ತಾನೂ ಒಬ್ಬನೆಂಬ ಮನ್ನಣೆ. 2008ರ ತಿದ್ದುಪಡಿಗೆ ಮೊದಲು ನಮ್ಮ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಆರೋಪಿ ಇದ್ದ, ಸಾಕ್ಷಿ ಇದ್ದ. ನೊಂದವನೆಂದರೆ ಯಾರು ಎಂಬ ವ್ಯಾಖ್ಯೆಯೇ ಇರಲಿಲ್ಲ. ಈಗ ಕನ್ನಡದಲ್ಲಿ ಅವನನ್ನು 'ಸಂತ್ರಸ್ತ' ಎನ್ನುತ್ತಾರೆ. ಪದದ ಮೂಲ ನೋಡಿದರೆ ಹೆದರಿದವನು ಎಂದರ್ಥ. ಕೆಲವರು 'ಬಲಿಪಶು' ಎನ್ನುವುದೂ ಉಂಟು. ಮೇಷ್ಟ್ರ ಚಾಳಿಯಿಂದ ಹೇಳುವುದಾದರೆ, ಎರಡೂ ನಾವು ಅವನನ್ನು ನಡೆಸಿಕೊಳ್ಳುವ ರೀತಿಗೆ ತಕ್ಕ ಪದಗಳೇ: ಠಾಣೆಯಲ್ಲಿ ಹೆದರಿಸುತ್ತೇವೆ, ಸಭೆಯಲ್ಲಿ ನಮ್ಮ ಕೋಪದ ದೇವತೆಗೆ ಬಲಿ ಕೊಡುತ್ತೇವೆ. 'ನೊಂದವನು' ಎಂಬ ಅಚ್ಚಗನ್ನಡ ಮಾತು ನಮಗೆ ಸಾಲದಾಯಿತು.

ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ, ಆರೋಪಿ ಬಿಡುಗಡೆಯಾದರೆ ನೊಂದವನು ಯಾರ ಅಪ್ಪಣೆಯೂ ಇಲ್ಲದೆ ಮೇಲ್ಮನವಿ ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2018ರ ಅಕ್ಟೋಬರಿನಲ್ಲಿ ತೀರ್ಮಾನಿಸಿತು. ಹಲ್ಲೆ ನಡೆದದ್ದು 2009ರಲ್ಲಿ. ತೀರ್ಪಿನ ಶಿರೋನಾಮೆಯಲ್ಲಿ ಮನವಿದಾರನ ಹೆಸರಿನ ಮುಂದೆ 'ಮೃತ' ಎಂದು ಬರೆದಿದೆ. ಹಕ್ಕು ಬಂತು, ಹಕ್ಕುದಾರ ಇರಲಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ತನಿಖೆ ಎಲ್ಲಿಗೆ ಬಂತೆಂದು ತೊಂಬತ್ತು ದಿನಗಳೊಳಗೆ ನೊಂದವನಿಗೆ ತಿಳಿಸಬೇಕೆಂಬ ನಿಯಮವಿದೆ; ಸರ್ಕಾರ ಮೊಕದ್ದಮೆಯನ್ನು ಹಿಂದಕ್ಕೆ ಪಡೆಯುವ ಮುನ್ನ ಅವನ ಮಾತು ಕೇಳಬೇಕೆಂಬ ನಿಯಮವೂ ಇದೆ. ಒಳ್ಳೆಯದೇ. ಆದರೆ 1898ರ ಕಲಮಿನ ಗತಿಯನ್ನು ಕಂಡವರು ಕಾಗದ ನೋಡಿ ಕುಣಿಯಬಾರದು. ಆದದ್ದರಿಂದ ನಾನು ಕೇಳುವುದು ಹೊಸ ಕಾನೂನನ್ನಲ್ಲ, ಮೂರು ಸಣ್ಣ ಕೆಲಸಗಳನ್ನು. ದೂರು ಕೊಟ್ಟ ದಿನವೇ, ಪರಿಹಾರಕ್ಕೆ ಎಲ್ಲಿ ಅರ್ಜಿ ಹಾಕಬೇಕೆಂದು ತಿಳಿಸುವ ಒಂದು ಚೀಟಿಯನ್ನು ದೂರಿನ ನಕಲಿನ ಜೊತೆಗೆ ಕೊಡಲಿ. ತೀರ್ಪಿನ ದಿನವನ್ನೂ ತೀರ್ಪನ್ನೂ ನೊಂದವನಿಗೆ ತಿಳಿಸಲಿ, ಅವನು ಓದಬಲ್ಲ ಕನ್ನಡದಲ್ಲಿ. ನಮ್ಮ ದರ್ಜಿಯ ಕೈಗೆ ಕೊನೆಗೆ ಬಂದ ತೀರ್ಪು ಇಂಗ್ಲಿಷಿನಲ್ಲಿತ್ತು. ಮುದ್ದೇಮಾಲನ್ನು ಫೋಟೋ ತೆಗೆದು, ಪಂಚನಾಮೆ ಬರೆದು ಬೇಗ ಹಿಂದಿರುಗಿಸಲಿ. ಹಾಗೆ ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿಯೇ ಹೇಳಿಯಾಗಿದೆ.

ತೀರ್ಪಾದ ಮೇಲೆ ಅರ್ಜಿ ಕೊಟ್ಟು ದರ್ಜಿಯ ಕತ್ತರಿಯನ್ನು ಬಿಡಿಸಿಕೊಂಡು ಬಂದೆವು. ತುಕ್ಕು ಹಿಡಿದಿತ್ತು. ಸಾಣೆ ಹಿಡಿಸಿದರು. ಈಗ ಬಟ್ಟೆ ಕತ್ತರಿಸುವವರು ಅವರ ಹೆಂಡತಿ. ಅವರು ಪಕ್ಕದಲ್ಲಿ ಕುಳಿತು ಅಳತೆ ಹೇಳುತ್ತಾರೆ. ಪರಿಹಾರದ ಅರ್ಜಿಯನ್ನೂ ಹಾಕಿಸಿದೆ. ಆರು ವರ್ಷದ ಹಿಂದೆ, ಪಾರ್ಕಿನಲ್ಲಿ ಭಾಷಣ ಮಾಡುವ ಬದಲು ಮಾಡಬೇಕಾಗಿದ್ದ ಕೆಲಸ ಅದು.

ಮುಂದಿನ ಸಲ ನಿಮ್ಮ ಬೀದಿಯಲ್ಲಿ ಇಂಥ ಅನಾಹುತವಾದಾಗ, ಸಭೆ ಸೇರಬೇಡಿರೆಂದು ಹೇಳುವುದಿಲ್ಲ, ಸೇರಿ. ಆದರೆ ಹೊಡೆದವನಿಗೆ ಏನು ಮಾಡಬೇಕೆಂದು ಚರ್ಚಿಸುವ ಮೊದಲು, ಹೊಡೆತ ತಿಂದವನ ಮನೆಯಲ್ಲಿ ಇಂದು ರಾತ್ರಿ ಒಲೆ ಹೊತ್ತುವುದೆ ಎಂದು ಒಬ್ಬರಾದರೂ ಎದ್ದು ಕೇಳಿ. ಅದಕ್ಕೆ ಚಪ್ಪಾಳೆ ಬೀಳುವುದಿಲ್ಲ. ಬೀಳದಿದ್ದರೂ ಕೇಳಿ.