ಕಾಮಗಾರಿ ನೋಡಿ ತಾರೀಖು ಹೇಳುವವರು
ಫ್ಲೋರಿಡಾದ ಆರ್ಲ್ಯಾಂಡೊದ ಥೀಮ್ ಪಾರ್ಕುಗಳಲ್ಲಿ ಎಲ್ಲಾದರೂ ನೆಲ ಅಗೆಯತೊಡಗಿದರೆ ಸಾಕು, ಹೊಸ ಸವಾರಿ ಯಾವಾಗ ಸಿದ್ಧವಾದೀತು ಎಂಬ ಲೆಕ್ಕಾಚಾರ ಅಭಿಮಾನಿಗಳಲ್ಲಿ ಶುರು. ಇದನ್ನು ಕೆಲಸವಿಲ್ಲದವರ ಹರಟೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅವರು ಕಾಗದಪತ್ರ ಓದಿಯೇ ಮಾತಾಡುತ್ತಾರೆ. ಕಾಮಗಾರಿ ಆರಂಭದ ನೋಟಿಸನ್ನು ಅಲ್ಲಿ ಕೌಂಟಿ ಕಚೇರಿಯಲ್ಲಿ ನೋಂದಾಯಿಸಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ಗುತ್ತಿಗೆದಾರ ಯಾರು, ಜಾಗ ಯಾವುದು, ನೋಟಿಸಿನ ಅವಧಿ ಎಂದಿಗೆ ಮುಗಿಯುತ್ತದೆ, ಎಲ್ಲವೂ ಅದರಲ್ಲಿರುತ್ತದೆ. ಆದರೆ ಆ ಕೊನೆಯ ತಾರೀಖನ್ನೇ ಉದ್ಘಾಟನೆಯ ದಿನ ಎಂದುಕೊಂಡರೆ ಲೆಕ್ಕ ತಪ್ಪಿತೆಂದೇ ಅರ್ಥ. ರೋಲರ್ ಕೋಸ್ಟರಿನ ಉಕ್ಕಿನ ಹಳಿ ದೂರದಿಂದಲೇ ಕಾಣುತ್ತದೆ. ಆದರೆ ವೈರಿಂಗ್, ನಿಯಂತ್ರಣದ ಸಾಫ್ಟ್‌ವೇರ್, ಬ್ರೇಕಿನ ಹೊಂದಾಣಿಕೆ, ಜನರನ್ನು ಕೂರಿಸದೆ ಮತ್ತೆ ಮತ್ತೆ ಓಡಿಸಿ ನೋಡುವ ಪರೀಕ್ಷೆ, ಇವಕ್ಕೆ ಹಿಡಿಯುವ ಕಾಲ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್‌ನ ಟ್ರಾನ್ ಎಂಬ ರೋಲರ್ ಕೋಸ್ಟರನ್ನೇ ನೋಡಿ. ಅಂಥದ್ದೇ ಸವಾರಿ ಶಾಂಘೈಯಲ್ಲಿ 2016ರಿಂದಲೇ ಓಡುತ್ತಿತ್ತು. ಫ್ಲೋರಿಡಾದಲ್ಲಿ 2017ರಲ್ಲಿ ಘೋಷಣೆಯಾಯಿತು, ಪಾರ್ಕಿನ 2021ರ ಸುವರ್ಣ ಮಹೋತ್ಸವದ ಹೊತ್ತಿಗೆ ಸಿದ್ಧ ಎಂದು ಡಿಸ್ನಿಯೇ ಹೇಳಿತ್ತು. ನಡುವೆ ಕೊರೊನಾ ಬಂತು. ಬಾಗಿಲು ತೆರೆದದ್ದು 2023ರ ಏಪ್ರಿಲ್ 4ರಂದು. ಯೂನಿವರ್ಸಲ್‌ನ ಎಪಿಕ್ ಯೂನಿವರ್ಸ್ ಪಾರ್ಕ್ ಕೂಡ ಅಷ್ಟೇ: 2019ರಲ್ಲಿ ಘೋಷಣೆ, 2020ರಲ್ಲಿ ಕೆಲಸ ಸ್ಥಗಿತ, ಮರುವರ್ಷ ಪುನರಾರಂಭ, 2025ರ ಮೇ 22ಕ್ಕೆ ಉದ್ಘಾಟನೆ. ಆದರೂ ವರ್ಷಗಟ್ಟಲೆ ಹಣ ಕೂಡಿಟ್ಟು, ರಜೆ ಹೊಂದಿಸಿಕೊಂಡು ಮಕ್ಕಳನ್ನು ಕರೆದೊಯ್ಯುವ ಕುಟುಂಬಗಳಿವೆ. ಖಚಿತ ದಿನ ಸಿಗುವವರೆಗೆ ಅವರಿಗೆ ಅಭಿಮಾನಿಗಳ ಈ ಅಂದಾಜುಗಳೇ ಆಸರೆ.